ದಾಕ್ಷಿಣ್ಯದ ಸಹಿ, ದೀರ್ಘಕಾಲದ ಹೊಣೆ

ಅಮೆರಿಕದ ಪೌರತ್ವ ಪಡೆದ ಮಗ ಅಥವಾ ಮಗಳು ತಂದೆ-ತಾಯಿಯನ್ನೋ, ಪತಿ ಅಥವಾ ಪತ್ನಿಯನ್ನೋ ಅಲ್ಲಿಗೆ ಕಾಯಂ ಆಗಿ ಕರೆಸಿಕೊಳ್ಳಲು ಅರ್ಜಿ ಸಲ್ಲಿಸುವುದು ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಮಧ್ಯಮ ವರ್ಗದ ಮನೆಗಳಲ್ಲಿ ಈಗ ಅಪರೂಪದ ಸಂಗತಿಯಲ್ಲ. ಜನನ ಪ್ರಮಾಣಪತ್ರ, ವಿವಾಹ ನೋಂದಣಿ ಪತ್ರ, ಪೊಲೀಸ್ ದೃಢೀಕರಣ ಇವೆಲ್ಲವನ್ನೂ ಕುಟುಂಬಗಳು ತಾಳ್ಮೆಯಿಂದ ಹೊಂದಿಸುತ್ತವೆ. ಆದರೆ ಅರ್ಜಿದಾರರ ಆದಾಯ ಸಾಲದು ಎಂಬ ಆಕ್ಷೇಪಣೆ ಬಂದೊಡನೆ ಮೂರನೆಯವರೊಬ್ಬರ ಮನೆ ಬಾಗಿಲಿಗೆ ಹೋಗಬೇಕಾಗುತ್ತದೆ. ಸೋದರಮಾವನ ಮಗ, ಕಾಲೇಜಿನ ಗೆಳೆಯ, ಕನ್ನಡ ಕೂಟದ ಪರಿಚಿತರು, ಹೀಗೆ ಯಾರಾದರೊಬ್ಬರು ‘ಜಂಟಿ ಪ್ರಾಯೋಜಕ’ರಾಗಿ ಸಹಿ ಹಾಕಬೇಕು. ‘ಒಂದು ಸಹಿ ತಾನೇ’ ಎಂದು ಕೇಳಲಾಗುವ ಈ ಸಹಿಯ ತೂಕವನ್ನು ಕೇಳುವವರೂ ಹಾಕುವವರೂ ಪೂರ್ತಿಯಾಗಿ ಅರಿತಿರುವುದು ಕಡಿಮೆ.

ಹೊರಗಿನಿಂದ ಬಂದವರು ಸರ್ಕಾರದ ಬೊಕ್ಕಸಕ್ಕೆ ಹೊರೆಯಾಗಬಾರದೆಂಬ ತತ್ವ ಅಮೆರಿಕದ ವಲಸೆ ಕಾನೂನಿನಲ್ಲಿ 1882ರಿಂದಲೂ ಇದೆ. ಆದರೆ ಪ್ರಾಯೋಜಕರು ಬರೆದುಕೊಡುತ್ತಿದ್ದ ಮುಚ್ಚಳಿಕೆಗೆ ಬಹುಕಾಲ ನೈತಿಕ ಬಲವಷ್ಟೇ ಇತ್ತು. 1996ರ ವಲಸೆ ಸುಧಾರಣಾ ಕಾಯ್ದೆ ಈ ಸ್ಥಿತಿಯನ್ನು ಬದಲಿಸಿತು. 1997ರ ಡಿಸೆಂಬರ್‌ನಿಂದ ಬಳಕೆಗೆ ಬಂದ ಐ-864 ಎಂಬ ನಮೂನೆಯು ನ್ಯಾಯಾಲಯದಲ್ಲಿ ಜಾರಿಗೊಳಿಸಬಹುದಾದ ಕರಾರು. ಸಹಿ ಹಾಕುವವರ ಆದಾಯವು ಅಲ್ಲಿನ ಸರ್ಕಾರ ವರ್ಷವರ್ಷವೂ ಪ್ರಕಟಿಸುವ ಬಡತನದ ಮಾರ್ಗಸೂಚಿಯ ಶೇ 125ರಷ್ಟಾದರೂ ಇರಬೇಕು.

ಈ ಅಳತೆಗೋಲಿನ ಹುಟ್ಟನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಬಲ್ಲರು. 1960ರ ದಶಕದ ಆರಂಭದಲ್ಲಿ ಅಲ್ಲಿನ ಸಾಮಾಜಿಕ ಭದ್ರತಾ ಆಡಳಿತದಲ್ಲಿದ್ದ ಮೋಲಿ ಓರ್ಶಾನ್ಸ್ಕಿ, ಕನಿಷ್ಠ ಆಹಾರದ ವೆಚ್ಚವನ್ನು ಮೂರರಿಂದ ಗುಣಿಸಿ ಬಡತನದ ಮಿತಿಯನ್ನು ಕಂಡುಕೊಂಡರು. ಅದರ ಸಂತತಿಯೇ ಇಂದಿನ ಮಾರ್ಗಸೂಚಿ. ಅಲಾಸ್ಕಾ ಮತ್ತು ಹವಾಯಿಗಳನ್ನು ಬಿಟ್ಟರೆ ಇಡೀ ದೇಶಕ್ಕೆ ಒಂದೇ ಅಂಕಿ. ದುಬಾರಿ ಬಾಡಿಗೆಯ ಸ್ಯಾನ್ ಫ್ರಾನ್ಸಿಸ್ಕೊಗೂ ಮಿಸಿಸಿಪ್ಪಿಯ ಸಣ್ಣ ಊರಿಗೂ ವ್ಯತ್ಯಾಸವಿಲ್ಲ. ಹೀಗಾಗಿ, ಈ ಮಿತಿಯನ್ನು ದಾಟಿದ ಮಾತ್ರಕ್ಕೆ ಇನ್ನೊಬ್ಬರನ್ನು ಸಲಹುವ ಶಕ್ತಿ ಇದೆಯೆಂದು ಭಾವಿಸುವಂತಿಲ್ಲ.

ಮಿತಿಯ ಲೆಕ್ಕವೂ ಮೇಲ್ನೋಟಕ್ಕೆ ಕಾಣುವಷ್ಟು ಸರಳವಲ್ಲ. ಜಂಟಿ ಪ್ರಾಯೋಜಕರ ಕುಟುಂಬದ ಗಾತ್ರಕ್ಕೆ ಅವರು, ಅವರ ಪತ್ನಿ ಅಥವಾ ಪತಿ, ಅವಲಂಬಿತ ಮಕ್ಕಳು, ಈಗ ಬರಲಿರುವ ವಲಸಿಗರು, ಜೊತೆಗೆ ಹಿಂದೆ ಸಹಿ ಹಾಕಿ ಹೊಣೆ ಇನ್ನೂ ಮುಗಿಯದಿರುವವರು ಎಲ್ಲರೂ ಸೇರುತ್ತಾರೆ. 2025ರ ಮಾರ್ಗಸೂಚಿಯನ್ನೇ ತೆಗೆದುಕೊಳ್ಳೋಣ. ಅವಿವಾಹಿತ ಗೆಳೆಯನೊಬ್ಬ ಒಬ್ಬರಿಗೆ ಪ್ರಾಯೋಜಕನಾದರೆ ಕುಟುಂಬ ಇಬ್ಬರದು. ವರ್ಷಕ್ಕೆ 26,437 ಡಾಲರ್ ಆದಾಯ ಸಾಕು. ಪತ್ನಿ ಮತ್ತು ಇಬ್ಬರು ಮಕ್ಕಳಿರುವ ಗೆಳೆಯನಾದರೆ ಲೆಕ್ಕ ಐವರದು. 47,062 ಡಾಲರ್ ಬೇಕು. 45,000 ಡಾಲರ್ ಸಂಬಳ ಮೊದಲನೆಯವನಿಗೆ ಧಾರಾಳ, ಎರಡನೆಯವನಿಗೆ ಕೊರತೆ. ಅರ್ಜಿದಾರರ ಆದಾಯವನ್ನು ಇದಕ್ಕೆ ಕೂಡಿಸಿ ಕೊರತೆ ತುಂಬಲು ಅವಕಾಶವಿಲ್ಲ. ಜಂಟಿ ಪ್ರಾಯೋಜಕರು ಸ್ವತಂತ್ರವಾಗಿ ಅರ್ಹರಾಗಿರಬೇಕು. ಅವರು ಅರ್ಹರಾದರೂ ಮೂಲ ಅರ್ಜಿದಾರರ ಮುಚ್ಚಳಿಕೆ ತಪ್ಪುವುದಿಲ್ಲ.

ಆದಾಯವನ್ನು ರುಜುವಾತುಪಡಿಸುವ ಕ್ರಮದಲ್ಲಿಯೂ ನಮಗೂ ಅವರಿಗೂ ಅಂತರವಿದೆ. ನಮ್ಮಲ್ಲಿ ಗ್ರಾಮ ಲೆಕ್ಕಿಗರ ವರದಿಯ ಮೇಲೆ ತಹಶೀಲ್ದಾರರು ಆದಾಯ ಪ್ರಮಾಣಪತ್ರ ನೀಡುವ ಪದ್ಧತಿ ರೂಢಿಗತ. ಮೊಹರು ಬಿದ್ದರೆ ಕಾಗದ ಪವಿತ್ರ. ಅಲ್ಲಿ ಅಂತಹ ಅಧಿಕಾರಿಯಿಲ್ಲ. ಪ್ರಾಯೋಜಕರು ತಾವೇ ತೆರಿಗೆ ಇಲಾಖೆಗೆ ಸಲ್ಲಿಸಿದ ಇತ್ತೀಚಿನ ವರ್ಷದ ರಿಟರ್ನ್ಸ್ ಅಥವಾ ಇಲಾಖೆ ಉಚಿತವಾಗಿ ನೀಡುವ ಅದರ ಟ್ರಾನ್ಸ್‌ಕ್ರಿಪ್ಟ್ ಮೂಲ ದಾಖಲೆ. ಪೌರತ್ವದ ಅಥವಾ ಗ್ರೀನ್ ಕಾರ್ಡಿನ ಪುರಾವೆಯೂ ಬೇಕು. ಕಳೆದ ವರ್ಷದ ಆದಾಯ ಕಡಿಮೆಯಿದ್ದು ಈಗ ಸಂಬಳ ಹೆಚ್ಚಿದ್ದರೆ ಉದ್ಯೋಗದಾತರ ಪತ್ರ ಮತ್ತು ಆರು ತಿಂಗಳ ಸಂಬಳದ ಚೀಟಿಗಳನ್ನು ಲಗತ್ತಿಸಬಹುದು; ಏಕೆಂದರೆ ಮುಖ್ಯವಾಗಿ ಪರಿಗಣನೆಗೆ ಬರುವುದು ಪ್ರಸಕ್ತ ಆದಾಯ.

ಪತಿ-ಪತ್ನಿ ಒಟ್ಟಾಗಿ ರಿಟರ್ನ್ಸ್ ಸಲ್ಲಿಸಿದ್ದರೆ, ಪ್ರಾಯೋಜಕರ ಪಾಲಿನ ಆದಾಯವನ್ನು ಡಬ್ಲ್ಯು-2 ಎಂಬ ಸಂಬಳದ ಪಟ್ಟಿಯಿಂದ ಬೇರ್ಪಡಿಸಿ ತೋರಿಸಬೇಕು. ಇಬ್ಬರ ಆದಾಯವನ್ನೂ ಬಳಸುವುದಾದರೆ ಪತ್ನಿ ಅಥವಾ ಪತಿಯೂ ಐ-864ಎ ನಮೂನೆಗೆ ಸಹಿ ಹಾಕಿ ಹೊಣೆಗೆ ಒಳಪಡಬೇಕು. ಗೆಳೆಯನ ದಾಕ್ಷಿಣ್ಯ ಹೀಗೆ ಆತನ ಪತ್ನಿಯ ಮೇಲೂ ಬೀಳುತ್ತದೆ. ಸ್ವಂತ ವ್ಯಾಪಾರ ನಡೆಸುವವರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅಂಗಡಿಯ ವಹಿವಾಟು ಎಷ್ಟೇ ದೊಡ್ಡದಿರಲಿ, ಖರ್ಚು ಕಳೆದು ತೆರಿಗೆಗೆ ತೋರಿಸಿದ ನಿವ್ವಳ ಲಾಭವಷ್ಟೇ ಲೆಕ್ಕಕ್ಕೆ ಬರುತ್ತದೆ. ತೆರಿಗೆಗೆ ಬಡವನಾಗಿ, ವಲಸೆ ಇಲಾಖೆಗೆ ಸಿರಿವಂತನಾಗಿ ಕಾಣಿಸಿಕೊಳ್ಳಲು ಸಾಧ್ಯವಿಲ್ಲ. ಈ ಮಟ್ಟಿಗೆ ಆ ಪದ್ಧತಿ ಮೆಚ್ಚತಕ್ಕದ್ದೇ ಆಗಿದೆ.

ಜಂಟಿ ಪ್ರಾಯೋಜಕರಿಂದಲೂ ಪರಿಹಾರವಾಗದ ಒಂದು ಕೊರತೆಯಿದೆ. ತಂದೆ-ತಾಯಿ ಅಲ್ಲಿ ಓದುತ್ತಿದ್ದಾಗಲೋ ಉದ್ಯೋಗದಲ್ಲಿದ್ದಾಗಲೋ ಹುಟ್ಟಿ, ಅಮೆರಿಕದ ಪೌರರಾಗಿಯೂ ಇಲ್ಲೇ ಬೆಳೆದ ಮಕ್ಕಳಿದ್ದಾರೆ. 21 ತುಂಬಿದೊಡನೆ ಅವರು ತಂದೆ-ತಾಯಿಗಾಗಿ ಅರ್ಜಿ ಹಾಕಬಹುದು, ನಿಜ. ಆದರೆ ಅರ್ಜಿದಾರರ ಕಾಯಂ ವಾಸ ಅಮೆರಿಕದಲ್ಲಿರಬೇಕು. ಇಲ್ಲವೇ ಅಲ್ಲಿ ಮತ್ತೆ ನೆಲೆಸಲು ಕೈಗೊಂಡ ಕ್ರಮಗಳನ್ನು ತೋರಿಸಬೇಕು. ಇದು ಸಾಬೀತಾಗದಿದ್ದರೆ ಎಷ್ಟೇ ಅನುಕೂಲಸ್ಥ ಜಂಟಿ ಪ್ರಾಯೋಜಕರು ದೊರೆತರೂ ಪ್ರಯೋಜನವಿಲ್ಲ.

ಇನ್ನು ಹೊಣೆಯ ವಿಚಾರ. ನಮ್ಮ 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ವಿಸ್ತಾರವಾದದ್ದು. ಸಹಕಾರ ಸಂಘದ ಸಾಲಕ್ಕೆ ಜಾಮೀನು ನಿಂತು ಕಷ್ಟಕ್ಕೆ ಸಿಲುಕಿದವರ ಕಥೆ ಎಲ್ಲ ಊರುಗಳಲ್ಲಿಯೂ ಇದೆ. ಆದರೆ ಸಾಲಕ್ಕೆ ಒಂದು ಮೊತ್ತವಿದೆ, ಕಂತುಗಳಿವೆ. ಐ-864ಕ್ಕೆ ಮೊತ್ತವೂ ಇಲ್ಲ, ಗೊತ್ತುಪಡಿಸಿದ ಅವಧಿಯೂ ಇಲ್ಲ. ವಲಸಿಗರು ಅಮೆರಿಕದ ಪೌರರಾಗುವವರೆಗೆ, ಅಥವಾ 40 ತ್ರೈಮಾಸಿಕಗಳ, ಅಂದರೆ ಸುಮಾರು ಹತ್ತು ವರ್ಷಗಳ ದುಡಿಮೆ ಅವರ ಲೆಕ್ಕಕ್ಕೆ ಸೇರುವವರೆಗೆ, ಅಥವಾ ಅವರು ಕಾಯಂ ವಾಸದ ಹಕ್ಕು ಬಿಟ್ಟು ದೇಶ ತೊರೆಯುವವರೆಗೆ, ಇಲ್ಲವೇ ವಲಸಿಗರು ಅಥವಾ ಪ್ರಾಯೋಜಕರಲ್ಲೊಬ್ಬರು ಮರಣ ಹೊಂದುವವರೆಗೆ ಅದು ಮುಂದುವರಿಯುತ್ತದೆ. 65ರ ವಯಸ್ಸಿನಲ್ಲಿ ಹೋದವರು ಹತ್ತು ವರ್ಷ ದುಡಿಯುವುದುಂಟೇ?

ವಿಚ್ಛೇದನದಿಂದಲೂ ಈ ಹೊಣೆ ಕಳೆಯುವುದಿಲ್ಲ. ವಲಸಿಗರು ಬಡವರಿಗೆಂದು ಮೀಸಲಾದ ಕೆಲವು ಸರ್ಕಾರಿ ಸವಲತ್ತುಗಳನ್ನು ಪಡೆದರೆ ಅದರ ವೆಚ್ಚವನ್ನು ಪ್ರಾಯೋಜಕರಿಂದ ವಸೂಲು ಮಾಡಲು ಕಾನೂನಿನಲ್ಲಿ ಅವಕಾಶವಿದೆ. ವಲಸಿಗರೇ ಜೀವನಾಂಶಕ್ಕಾಗಿ ದಾವೆ ಹೂಡಬಹುದು. ಅಂತಹ ದಾವೆಯೊಂದರಲ್ಲಿ, 2012ರ ಲಿಯು ವಿರುದ್ಧ ಮುಂಡ್ ಪ್ರಕರಣದಲ್ಲಿ, ವಿಚ್ಛೇದಿತ ಪತ್ನಿ ಕೆಲಸ ಹುಡುಕಲು ಯತ್ನಿಸಲಿಲ್ಲವೆಂಬ ಕಾರಣದಿಂದ ಪ್ರಾಯೋಜಕ ಪತಿಯ ಹೊಣೆ ಕಡಿಮೆಯಾಗದೆಂದು ಅಲ್ಲಿನ ಏಳನೆಯ ಮೇಲ್ಮನವಿ ನ್ಯಾಯಾಲಯ ತೀರ್ಪು ನೀಡಿತು. ಜಂಟಿ ಪ್ರಾಯೋಜಕರ ಸ್ಥಾನವೂ ಇದೇ. ಗೆಳೆಯನ ದಾಂಪತ್ಯ ಮುರಿದರೂ ಸಹಿ ಉಳಿಯುತ್ತದೆ. ಮನೆ ಬದಲಿಸಿದರೆ 30 ದಿನಗಳೊಳಗೆ ಇಲಾಖೆಗೆ ತಿಳಿಸದಿದ್ದರೆ ದಂಡಕ್ಕೂ ಗುರಿಯಾಗಬೇಕಾದೀತು.

ನಮ್ಮ ಕುಟುಂಬಗಳಲ್ಲಿ ಹಾಗೆಲ್ಲ ಆಗುವುದಿಲ್ಲ ಎಂಬ ವಾದವನ್ನು ನಿರೀಕ್ಷಿಸಬಹುದು. ಬಹುಪಾಲು ಸಂದರ್ಭಗಳಲ್ಲಿ ಅದು ನಿಜವೂ ಆಗಿರಬಹುದು. ಆದರೆ ಕರಾರಿನ ಬೆಲೆ ತಿಳಿಯುವುದು ಸಂಬಂಧ ಚೆನ್ನಾಗಿರುವಾಗಲ್ಲ, ಕೆಟ್ಟಾಗ. ಅನ್ಯರ ಪೋಷಣೆಯ ಭಾರ ತನ್ನ ತೆರಿಗೆದಾರರ ಮೇಲೆ ಬೀಳಬಾರದೆಂದು ಒಂದು ದೇಶ ಬಯಸುವುದು ತಪ್ಪಲ್ಲ. ಅದನ್ನು ತಿಳಿಯದೆ ಸಹಿ ಕೇಳುವುದು, ತಿಳಿಸದೆ ಸಹಿ ಪಡೆಯುವುದು ತಪ್ಪು.

ಆದ್ದರಿಂದ ಮೂರನೆಯವರ ಬಾಗಿಲು ತಟ್ಟುವ ಮುನ್ನ ಇತರ ಮಾರ್ಗಗಳನ್ನು ಪರಿಶೀಲಿಸಬೇಕು. ಅರ್ಜಿದಾರರೊಂದಿಗೆ ಒಂದೇ ಮನೆಯಲ್ಲಿರುವ ಬಂಧುಗಳ ಆದಾಯವನ್ನು ಅವರ ಸಹಿಯೊಂದಿಗೆ ಸೇರಿಸಿಕೊಳ್ಳಬಹುದು. ಆದಾಯದ ಕೊರತೆಯನ್ನು ಆಸ್ತಿಯಿಂದಲೂ ತುಂಬಬಹುದು: ಸಾಮಾನ್ಯವಾಗಿ ಕೊರತೆಯ ಐದು ಪಟ್ಟು, ಅಮೆರಿಕದ ಪೌರರ ಪತಿ ಅಥವಾ ಪತ್ನಿಯಾದರೆ ಮೂರು ಪಟ್ಟು. ವಲಸೆ ಹೋಗುವವರ ಆಸ್ತಿಯೂ ಇದಕ್ಕೆ ಸಲ್ಲುತ್ತದೆ. 10,000 ಡಾಲರ್ ಕೊರತೆಯಿದ್ದರೆ ತಂದೆ-ತಾಯಿಯ ಹೆಸರಿನಲ್ಲಿ, ಸಾಲ ಕಳೆದು, 50,000 ಡಾಲರ್ ಬೆಲೆಯ ಠೇವಣಿಯೋ ನಿವೇಶನವೋ ಇರಬೇಕು. ಅದು ಒಂದು ವರ್ಷದೊಳಗೆ ನಗದಾಗುವಂತಿರಬೇಕು. ಎರಡೂ ಸಾಧ್ಯವಿಲ್ಲವಾದರೆ ಸಂಬಳ ಏರುವವರೆಗೆ ಕಾಯುವುದು ಅವಮಾನವೇನಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಹಾಸಿಗೆ ಬೇರೆಯವರದಾದಾಗ ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಕೇಳಲೇಬೇಕಾಗಿ ಬಂದರೆ ಹೊಣೆಯ ಅವಧಿಯನ್ನೂ ಸ್ವರೂಪವನ್ನೂ ಮೊದಲು ವಿವರಿಸಿ, ದಂಪತಿಗಳಿಬ್ಬರ ಮುಂದೆಯೂ ಕೇಳಬೇಕು. ವಲಸಿಗರಿಗೆ ವಲಸೆ ವೀಸಾ ದೊರೆಯುವ ಮುನ್ನ ಲಿಖಿತವಾಗಿ ಹಿಂದೆ ಸರಿಯಲು ಅವಕಾಶವಿದೆ ಎಂಬುದನ್ನೂ ಮುಚ್ಚಿಡಬಾರದು. ಹಬ್ಬ, ಸಮ್ಮೇಳನಗಳನ್ನು ಅಚ್ಚುಕಟ್ಟಾಗಿ ನಡೆಸುವ ಅಮೆರಿಕದ ಕನ್ನಡ ಕೂಟಗಳು ವರ್ಷಕ್ಕೊಮ್ಮೆ ವಕೀಲರೊಬ್ಬರಿಂದ ಈ ವಿಷಯದ ಮಾಹಿತಿ ಕೊಡಿಸಿದರೆ ಹಲವು ಸ್ನೇಹಗಳು ಉಳಿಯುತ್ತವೆ. ಒಲ್ಲೆ ಎಂದವರನ್ನು ಕೃತಘ್ನರೆಂದು ಬಗೆಯದಿರುವುದು ನಮ್ಮ ಸಮಾಜ ಇನ್ನೂ ಕಲಿಯಬೇಕಾದ ಸೌಜನ್ಯ. ಅವರ ಆದಾಯಕ್ಕೆ ತೆರಿಗೆ ದಾಖಲೆ ಸಾಕ್ಷಿ ನುಡಿಯಬಲ್ಲದು. ಆದರೆ ಹತ್ತಾರು ವರ್ಷ ಇನ್ನೊಬ್ಬರ ಹೊಣೆ ಹೊರಲು ಅವರು ಸಿದ್ಧರಿದ್ದಾರೆಯೇ ಎಂಬುದಕ್ಕೆ ಅವರ ಮಾತೊಂದೇ ಸಾಕ್ಷಿ. ಅದನ್ನು ಅವರು ಮುಕ್ತವಾಗಿ ಹೇಳುವಂತಿರಬೇಕು.