ಊರಿನಲ್ಲೊಂದು ಫ್ಲ್ಯಾಟು: ಬೀಗದ ಕೈ ಯಾರ ಕೈಯಲ್ಲಿ?

ಮುಂಬಯಿ ಮಹಾನಗರದ ಕನ್ನಡ ಸಂಘ-ಸಂಸ್ಥೆಗಳ ವಾರ್ಷಿಕೋತ್ಸವಗಳಲ್ಲಿ ಒಂದು ದೃಶ್ಯ ಈಗ ಸಾಮಾನ್ಯವಾಗಿದೆ. ಸಭಾಗೃಹದ ಬಾಗಿಲಲ್ಲಿ ಪನ್ನೀರು, ಅರಶಿನ-ಕುಂಕುಮದ ಸ್ವಾಗತ. ಅದರ ಪಕ್ಕದಲ್ಲೇ ಒಂದು ಮೇಜು. ಮೇಜಿನ ಮೇಲೆ ಮಂಗಳೂರು, ಉಡುಪಿ, ಬೆಂಗಳೂರಿನ ವಸತಿ ಸಮುಚ್ಚಯಗಳ ಬಣ್ಣಬಣ್ಣದ ಕರಪತ್ರಗಳು. ವೇದಿಕೆಯಲ್ಲಿ ಶಾಲು, ಫಲಪುಷ್ಪ, ಸ್ಮರಣಿಕೆ ಸ್ವೀಕರಿಸುವ ಗಣ್ಯರಲ್ಲಿ ಅದೇ ಸಮುಚ್ಚಯದ ನಿರ್ಮಾಪಕರೂ ಒಬ್ಬರು. 'ಊರಿನಲ್ಲಿ ನಿಮ್ಮದೊಂದು ಮನೆ ಇರಲಿ, ಬಾಡಿಗೆಯೇ ಸಾಲದ ಕಂತು ಕಟ್ಟುತ್ತದೆ' ಎಂಬ ಮಾತಿಗೆ ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ. ಊಟ ಮುಗಿಯುವ ಹೊತ್ತಿಗೆ ಕೆಲವರು ಮುಂಗಡದ ಚೆಕ್ ಬರೆದಿರುತ್ತಾರೆ.

ಇಂತಹ ಆಸೆಯಲ್ಲಿ ತಪ್ಪೇನೂ ಇಲ್ಲ. ಹೋಟೆಲು, ಕ್ಯಾಂಟೀನು, ಬ್ಯಾಂಕು, ಕಾರ್ಖಾನೆಗಳಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ ಬದುಕು ಕಟ್ಟಿಕೊಂಡವರಿಗೆ ಕರ್ಮಭೂಮಿಯ ಗಳಿಕೆಯ ಒಂದು ಪಾಲು ಜನ್ಮಭೂಮಿಯಲ್ಲಿರಲಿ ಎನಿಸುವುದು ಸಹಜ. ಆದರೆ ಬಾಡಿಗೆಗೆಂದು ಮೊದಲ ಬಾರಿ ಮನೆ ಕೊಳ್ಳುವವರು, ಅದೂ ಒಂದು ರಾತ್ರಿಯ ರೈಲು ಪ್ರಯಾಣದಷ್ಟು ದೂರದ ಇನ್ನೊಂದು ರಾಜ್ಯದಲ್ಲಿ ಕೊಳ್ಳುವವರು, ಊರಿನ ಮೇಲಿನ ಮಮತೆಯನ್ನೂ ಹಣದ ಲೆಕ್ಕವನ್ನೂ ಒಂದೇ ಚೀಲಕ್ಕೆ ಹಾಕಬಾರದು. ನಿವೃತ್ತಿಯ ನಂತರ ತಾವೇ ವಾಸಿಸಲು ಕೊಳ್ಳುವ ಮನೆ ಬೇರೆ, ಬಾಡಿಗೆಗಾಗಿ ಕೊಳ್ಳುವ ಮನೆ ಬೇರೆ. ಮೊದಲನೆಯದಕ್ಕೆ ದೇವಸ್ಥಾನ, ನೆಂಟರ ಮನೆ, ತೆಂಗಿನ ತೋಟದ ನೋಟ ಹತ್ತಿರವಿರಬೇಕು. ಎರಡನೆಯದಕ್ಕೆ ಬಾಡಿಗೆದಾರ ಹತ್ತಿರವಿರಬೇಕು. ಮಣಿಪಾಲ, ದೇರಳಕಟ್ಟೆ, ಸುರತ್ಕಲ್‌ನಂತಹ ಕಡೆ ಕಾಲೇಜು, ಆಸ್ಪತ್ರೆಗಳಿರುವುದರಿಂದ ಬಾಡಿಗೆ ಮನೆ ಕೇಳುವವರಿದ್ದಾರೆ. ಮೂಲಮನೆಯ ಪಕ್ಕದ ಹಳ್ಳಿಯಲ್ಲಿ ಎದ್ದ ಸಮುಚ್ಚಯಕ್ಕೆ ಆ ಭಾಗ್ಯ ಇರಬೇಕೆಂದಿಲ್ಲ. ಬಾಡಿಗೆಗೆ ಹೋಗದೆ ಬೀಗ ಹಾಕಿದ ಮನೆಯನ್ನು ಕರಾವಳಿಯ ನಾಲ್ಕು ತಿಂಗಳ ಮಳೆ ಸುಮ್ಮನೆ ಬಿಡುವುದಿಲ್ಲ. ಗೋಡೆಗೆ ಬೂಷ್ಟು, ಬಾಗಿಲಿಗೆ ಗೆದ್ದಲು ಬಂದೇ ಬರುತ್ತದೆ.

ಬಾಡಿಗೆಯೇ ಕಂತು ಕಟ್ಟುತ್ತದೆ ಎಂಬ ಮಾತನ್ನು ಕಾಗದದ ಮೇಲೆ ಬರೆದು ನೋಡಬೇಕು. ಉದಾಹರಣೆಗೆ, ಕಟ್ಟಿ ಮುಗಿದ ಫ್ಲ್ಯಾಟಿನ ಬೆಲೆ 50 ಲಕ್ಷ ರೂ. ಎಂದಿಟ್ಟುಕೊಂಡರೆ, ಕರ್ನಾಟಕದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ 5 ಶೇಕಡಾ, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1 ಶೇಕಡಾದಿಂದ 2 ಶೇಕಡಾಕ್ಕೆ ಏರಿದೆ. ಎಲ್ಲ ಸೇರಿ ಸುಮಾರು 3.80 ಲಕ್ಷ ರೂ. ಬೆಲೆಯ ಮೇಲೆ ಬೀಳುತ್ತದೆ. ಕಟ್ಟಡ ಇನ್ನೂ ನಿರ್ಮಾಣ ಹಂತದಲ್ಲಿದ್ದರೆ ಇದೇ ಬೆಲೆಗೆ 5 ಶೇಕಡಾ ಜಿ.ಎಸ್.ಟಿ. ಬೇರೆ.

ತಿಂಗಳಿಗೆ 15 ಸಾವಿರ ಬಾಡಿಗೆ ಬರುತ್ತದೆ, ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ ಇರುತ್ತದೆ ಎಂದು ಹಿಡಿದರೆ ಒಟ್ಟು ಬಾಡಿಗೆ 1.65 ಲಕ್ಷ. ನಿರ್ವಹಣಾ ಶುಲ್ಕ 24 ಸಾವಿರ, ಆಸ್ತಿ ತೆರಿಗೆ ಮತ್ತು ರಿಪೇರಿಗೆ 15 ಸಾವಿರ, ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ ಕಳೆದರೆ ಕೈಯಲ್ಲಿ ಉಳಿಯುವುದು 1.11 ಲಕ್ಷ. ಹಾಕಿದ ಹಣದ 2 ಶೇಕಡಾಕ್ಕೆ ಸ್ವಲ್ಪ ಹೆಚ್ಚು, ಅಷ್ಟೇ. ಇದಕ್ಕಾಗಿ 35 ಲಕ್ಷ ಸಾಲವನ್ನು 8.5 ಶೇಕಡಾ ಬಡ್ಡಿಗೆ 20 ವರ್ಷದ ಅವಧಿಗೆ ಪಡೆದರೆ ತಿಂಗಳ ಕಂತೇ 30 ಸಾವಿರ ದಾಟುತ್ತದೆ. ಅಂದರೆ ಬಾಡಿಗೆ ಬಂದ ಮೇಲೂ ತಿಂಗಳಿಗೆ ಸುಮಾರು 21 ಸಾವಿರ ರೂ. ಮುಂಬಯಿಯ ಸಂಬಳದಿಂದಲೇ ಹೋಗಬೇಕು. ಇಷ್ಟು ಹೊರೆ ಹೊರುವ ಶಕ್ತಿ ಇದ್ದವರು ಕೊಳ್ಳಲಿ. ಮಗಳ ಮದುವೆಗೆ ಇಟ್ಟ ಠೇವಣಿ ಮುರಿದು, ಬಾಡಿಗೆ ನಂಬಿ ಸಾಲ ಮಾಡುವವರು ಎರಡು ಬಾರಿ ಯೋಚಿಸಲಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಮುಂಬಯಿಯ ಅನುಭವ ಊರಿನಲ್ಲಿ ಪೂರ್ತಿ ನೆರವಿಗೆ ಬರುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಇಲ್ಲಿ ಫ್ಲ್ಯಾಟು ಎಂದರೆ ಹೌಸಿಂಗ್ ಸೊಸೈಟಿ, ಶೇರು ಸರ್ಟಿಫಿಕೇಟು, ಸೊಸೈಟಿಯ ಕಾರ್ಯದರ್ಶಿ. ಕರ್ನಾಟಕದಲ್ಲಿ ಸಾಮಾನ್ಯವಾಗಿ ಶೇರು ಸರ್ಟಿಫಿಕೇಟು ಇರುವುದಿಲ್ಲ. ಕ್ರಯಪತ್ರದಲ್ಲಿ ಫ್ಲ್ಯಾಟಿನ ಜೊತೆಗೆ ನಿವೇಶನದ ಅವಿಭಾಜ್ಯ ಪಾಲು ಎಷ್ಟೆಂದು ಬರೆದಿರಬೇಕು. ಜಮೀನಿನ ಮೂಲಪತ್ರ, ಭೂಪರಿವರ್ತನೆಯ ಆದೇಶ, ಕನಿಷ್ಠ 30 ವರ್ಷಗಳ ಋಣಭಾರ ಪತ್ರ ಅಂದರೆ ಇ.ಸಿ., ಇ-ಖಾತಾ, ಗ್ರಾಮ ಪಂಚಾಯತ್ ವ್ಯಾಪ್ತಿಯಾದರೆ ನಮೂನೆ 9 ಮತ್ತು 11, ಇವನ್ನು ಅಲ್ಲಿಯ ವಕೀಲರೇ ನೋಡಬೇಕು. ಆ ವಕೀಲರನ್ನು ಆರಿಸಬೇಕಾದವರು ಕೊಳ್ಳುವವರು, ನಿರ್ಮಾಪಕರಲ್ಲ. ಕಟ್ಟಡಕ್ಕೆ ಸ್ವಾಧೀನಾನುಭವ ಪತ್ರ, ಅಂದರೆ ಓ.ಸಿ., ಸಿಕ್ಕಿದೆಯೇ ಎಂಬುದು ಇನ್ನೊಂದು ಮುಖ್ಯ ಪ್ರಶ್ನೆ. ಈ ಪತ್ರ ನೋಡಿದ ನಂತರವೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ನಿರ್ದೇಶನ ನೀಡಿದೆ. ವಿದ್ಯುತ್ ಸಂಪರ್ಕವೇ ಇಲ್ಲದ ಮನೆಗೆ ಬಾಡಿಗೆದಾರ ಬರುವುದಾದರೂ ಹೇಗೆ?

ನಿರ್ಮಾಣ ಹಂತದ ಕಟ್ಟಡವಾದರೆ ರೇರಾ ಸಂಖ್ಯೆ ಕೇಳಲು ಸಂಕೋಚ ಬೇಡ. 2016ರ ಈ ಕಾಯಿದೆಯ ಪ್ರಕಾರ ಪ್ರತಿ ರಾಜ್ಯಕ್ಕೂ ಅದರದೇ ಪ್ರಾಧಿಕಾರ. ನಿರ್ಮಾಪಕರು ಮಹಾರಾಷ್ಟ್ರದಲ್ಲಿ ನೋಂದಣಿ ಮಾಡಿಸಿಕೊಂಡಿದ್ದರೂ ಕರ್ನಾಟಕದ ಯೋಜನೆಗೆ ಕರ್ನಾಟಕ ರೇರಾದ ಸಂಖ್ಯೆಯೇ ಬೇಕು. ನೋಂದಾಯಿತ ಕರಾರುಪತ್ರವಿಲ್ಲದೆ ಬೆಲೆಯ 10 ಶೇಕಡಾಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಸಭಾಗೃಹದಲ್ಲಿ ಚೆಕ್ ಬರೆಯುವವರು ಈ ಒಂದು ನಿಯಮವನ್ನಾದರೂ ನೆನಪಿಟ್ಟುಕೊಳ್ಳಬೇಕು. ನಿವೇಶನ 500 ಚದರ ಮೀಟರ್ ಮೀರದಿದ್ದರೆ ಅಥವಾ ಮನೆಗಳ ಸಂಖ್ಯೆ 8 ಮೀರದಿದ್ದರೆ ರೇರಾ ನೋಂದಣಿ ಕಡ್ಡಾಯವಲ್ಲ. ಸಣ್ಣ ಊರಿನ ಎಷ್ಟೋ ಕಟ್ಟಡಗಳು ಈ ಮಿತಿಯೊಳಗೇ ಇರುತ್ತವೆ. ಅಲ್ಲಿ ಕಾಗದಪತ್ರದ ಪರಿಶೀಲನೆ ಇನ್ನಷ್ಟು ಬಿಗಿಯಾಗಿರಬೇಕು. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಾದರೆ 1 ಶೇಕಡಾ ಟಿ.ಡಿ.ಎಸ್. ಕಡಿದು ಸರಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವರದೇ. ಮಾರುವವರು ಗಲ್ಫ್ ಮುಂತಾದ ಕಡೆ ನೆಲೆಸಿದ ಅನಿವಾಸಿಗಳಾದರೆ ಈ ದರ ಅನ್ವಯಿಸುವುದಿಲ್ಲ. ಕಡಿತ ಬಹಳ ಹೆಚ್ಚಿರುತ್ತದೆ. ಅಂತಹ ವ್ಯವಹಾರಕ್ಕೆ ಮೊದಲು ಲೆಕ್ಕ ಪರಿಶೋಧಕರನ್ನು ಕಾಣುವುದು ಕ್ಷೇಮ.

ಇಷ್ಟೆಲ್ಲ ಸರಿಯಾಗಿದ್ದರೂ ದೂರದ ಬಾಡಿಗೆ ಮನೆಯ ಅಳಿವು-ಉಳಿವು ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ಬೀಗದ ಕೈ ಯಾರ ಕೈಯಲ್ಲಿ? ಫ್ಲ್ಯಾಟು ಯಾವುದೆಂದು ತೀರ್ಮಾನಿಸುವ ಮೊದಲೇ ಇದು ತೀರ್ಮಾನವಾಗಬೇಕು. ನಳ್ಳಿ ಒಡೆದಾಗ ಪ್ಲಂಬರ್‌ನನ್ನು ಕರೆಯುವವರು, ಬಾಡಿಗೆದಾರ ಬಿಟ್ಟುಹೋಗುವಾಗ ಮನೆ ನೋಡಿ ಠೇವಣಿಯ ಲೆಕ್ಕ ಚುಕ್ತಾ ಮಾಡುವವರು ಯಾರು? ಊರಿನಲ್ಲಿರುವ ಅಣ್ಣನ ಮಗನೋ ಅಳಿಯನೋ ನೋಡಿಕೊಳ್ಳುತ್ತಾನೆ ಎಂಬ ಭರವಸೆಯಲ್ಲೇ ಹೆಚ್ಚಿನವರು ಮುಂದುವರಿಯುತ್ತಾರೆ. ಮೊದಲ ವರ್ಷ ಪ್ರೀತಿಯಿಂದ ನಡೆಯುತ್ತದೆ. ಎರಡನೆಯ ವರ್ಷ ರಿಪೇರಿಯ ಖರ್ಚು ಕೇಳಲು ಅವನಿಗೆ ಸಂಕೋಚ, ಬಾಡಿಗೆಯ ಲೆಕ್ಕ ಕೇಳಲು ಇವರಿಗೆ ಸಂಕೋಚ. ಮೂರನೆಯ ವರ್ಷ ಭೂತಕೋಲಕ್ಕೆ ಊರಿಗೆ ಹೋದಾಗ ಎರಡು ಮನೆಗಳ ನಡುವೆ ಮಾತಿಲ್ಲ. ಇದು ಯಾರ ದುಷ್ಟತನವೂ ಅಲ್ಲ. ಬಾಯಿಮಾತಿನ ವ್ಯವಸ್ಥೆಯ ಫಲ. ಸಂಬಂಧಿಕರೇ ನೋಡಿಕೊಳ್ಳುವುದಾದರೂ ತಿಂಗಳಿಗೆ ಇಷ್ಟು ಸಂಭಾವನೆ, ಇಷ್ಟರವರೆಗಿನ ರಿಪೇರಿಗೆ ಕೇಳಬೇಕಿಲ್ಲ, ಬಾಡಿಗೆ ನೇರವಾಗಿ ಮಾಲೀಕರ ಬ್ಯಾಂಕ್ ಖಾತೆಗೆ ಎಂದು ಬರೆದಿಡುವುದರಿಂದ ಸಂಬಂಧವೂ ಉಳಿಯುತ್ತದೆ, ಮನೆಯೂ ಉಳಿಯುತ್ತದೆ.

ಅಧಿಕಾರಪತ್ರ ಕೊಡುವಾಗ ಮತ್ತಷ್ಟು ಎಚ್ಚರ ಬೇಕು. ಬಾಡಿಗೆ ಕರಾರಿಗೆ ಸಹಿ ಹಾಕಲು ಕೊಡುವ ಅಧಿಕಾರಪತ್ರದಲ್ಲಿ ಮಾರುವ, ಅಡವಿಡುವ ಅಧಿಕಾರ ಸೇರಿರಬಾರದು. ಕ್ರಯಪತ್ರವನ್ನು ನೋಂದಣಿಗೆ ಹಾಜರುಪಡಿಸಲು ಬೇರೆಯವರನ್ನು ಕಳುಹಿಸುವುದಾದರೆ ಅದಕ್ಕೆ ನೋಟರಿಯ ಮುದ್ರೆ ಸಾಲದು. ಮುಂಬಯಿಯಲ್ಲಿ ವಾಸಿಸುವವರು ಇಲ್ಲಿಯ ಉಪನೋಂದಣಾಧಿಕಾರಿಯ ಮುಂದೆಯೇ ಅದನ್ನು ದೃಢೀಕರಿಸಬೇಕು. ಇನ್ನು ಅಧಿಕಾರಪತ್ರದ ಮೂಲಕವೇ ಆಸ್ತಿ ಕೊಳ್ಳುವ ಹಳೆಯ ಪದ್ಧತಿಯಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಬೆಂಗಳೂರಿನಲ್ಲಿ ಇನ್ನೊಂದು ಬಲೆಯೂ ಇದೆ. ಅಲ್ಲಿ ತಿಂಗಳ ಬಾಡಿಗೆಯ ಬದಲು ದೊಡ್ಡ ಮೊತ್ತವೊಂದನ್ನು ಒಮ್ಮೆಲೇ ಕೊಟ್ಟು ಮನೆ ಹಿಡಿಯುವ ಭೋಗ್ಯದ ಪದ್ಧತಿ ಬಳಕೆಯಲ್ಲಿದೆ. ಮಧ್ಯವರ್ತಿಗಳು ಮಾಲೀಕರಿಂದ ಮನೆಯನ್ನು ತಿಂಗಳ ಬಾಡಿಗೆಗೆ ಪಡೆದು, ವಾಸಕ್ಕೆ ಬಂದವರಿಂದ ಲಕ್ಷಗಟ್ಟಲೆ ಭೋಗ್ಯದ ಹಣ ತೆಗೆದುಕೊಂಡು, ಕೆಲವು ತಿಂಗಳು ಬಾಡಿಗೆ ಕಟ್ಟಿ ಕೈಯೆತ್ತಿದ ಪ್ರಕರಣಗಳು ಪೊಲೀಸ್ ಠಾಣೆ ಏರಿವೆ. ಆಗ ಮಾಲೀಕರಿಗೆ ಬಾಡಿಗೆ ಇಲ್ಲ, ವಾಸವಿರುವವರು ಹಣ ಸಿಗದೆ ಮನೆ ಬಿಡುವುದಿಲ್ಲ. ಆದ್ದರಿಂದ ಮಾಲೀಕರು ಒಮ್ಮೆಯಾದರೂ ಖುದ್ದಾಗಿ ಹೋಗಿ ಬಾಡಿಗೆದಾರರ ಮುಖ ನೋಡಿ, ಗುರುತಿನ ದಾಖಲೆ ಪಡೆದು, ಅವರೊಂದಿಗೇ ಲಿಖಿತ ಕರಾರು ಮಾಡಿಕೊಳ್ಳಬೇಕು. ಮಹಾರಾಷ್ಟ್ರದಲ್ಲಿ ಲೀವ್ ಆ್ಯಂಡ್ ಲೈಸೆನ್ಸ್ ಕರಾರನ್ನು ಅವಧಿ ಎಷ್ಟೇ ಇದ್ದರೂ ನೋಂದಾಯಿಸಬೇಕು. ಕರ್ನಾಟಕದಲ್ಲಿ 11 ತಿಂಗಳ ಕರಾರಿನ ರೂಢಿ ಇದೆ, ಒಂದು ವರ್ಷ ಮೀರಿದರೆ ನೋಂದಣಿ ಬೇಕೇ ಬೇಕು.

ಈ ವಿಷಯದಲ್ಲಿ ಸಂಘ-ಸಂಸ್ಥೆಗಳ ಹೊಣೆಯೂ ಸಣ್ಣದಲ್ಲ. ಕಾರ್ಯಕ್ರಮಕ್ಕೆ ಪ್ರಾಯೋಜಕರು ಬೇಕು, ಸ್ಮರಣ ಸಂಚಿಕೆಗೆ ಜಾಹೀರಾತು ಬೇಕು ಎಂಬುದು ನಿಜ. ಆದರೆ ಜಾಹೀರಾತಿನ ಪುಟಕ್ಕೂ ವೇದಿಕೆಯ ಸನ್ಮಾನಕ್ಕೂ ಅಂತರವಿದೆ. ಸಂಘದ ಅಧ್ಯಕ್ಷರು ಶಾಲು ಹೊದಿಸಿದವರನ್ನು ಸದಸ್ಯರು ಕಾಗದಪತ್ರ ನೋಡದೆ ನಂಬುತ್ತಾರೆ. ನಾಳೆ ಕಟ್ಟಡ ಅರ್ಧಕ್ಕೆ ನಿಂತರೆ ಆ ನಂಬಿಕೆಯ ಬೆಲೆ ತೆರುವುದು ಸದಸ್ಯರು, ಹೆಸರು ಕಳೆದುಕೊಳ್ಳುವುದು ಸಂಘ. ನಿರ್ಮಾಪಕರ ಮೇಜು ಇಡುವುದಾದರೆ ಅದರ ಪಕ್ಕದಲ್ಲೇ ರೇರಾ ಸಂಖ್ಯೆಯ ಫಲಕವೂ ಇರಲಿ. ವೈದ್ಯಕೀಯ ಶಿಬಿರ, ರಕ್ತದಾನ ಶಿಬಿರ ನಡೆಸುವ ಸಂಘಗಳು ವರ್ಷಕ್ಕೊಮ್ಮೆ ಆಸ್ತಿ ವ್ಯವಹಾರದ ಮಾಹಿತಿ ಶಿಬಿರವನ್ನೂ ನಡೆಸಲಿ. ಸಮಾಜದಲ್ಲಿ ವಕೀಲರಿದ್ದಾರೆ, ಲೆಕ್ಕ ಪರಿಶೋಧಕರಿದ್ದಾರೆ, ಬ್ಯಾಂಕಿನ ಸಾಲ ವಿಭಾಗದಲ್ಲಿ ದುಡಿದು ನಿವೃತ್ತರಾದವರಿದ್ದಾರೆ. ಅವರು ಒಂದು ಭಾನುವಾರ ಕೊಟ್ಟರೆ ಹಲವು ಕುಟುಂಬಗಳ ಜೀವಮಾನದ ಉಳಿತಾಯ ಉಳಿದೀತು.

ಊರಿನಲ್ಲಿ ಮನೆ ಮಾಡುವ ಕನಸು ಕಾಣುವವರು ಅದನ್ನು ಬಿಡಬೇಕಿಲ್ಲ. ಚಪ್ಪಾಳೆಯ ಸದ್ದಿನಲ್ಲಿ ಚೆಕ್ ಬರೆಯದೆ, ಒಂದು ಮಳೆಗಾಲ ಕಾದು, ಆ ಮಳೆಯಲ್ಲೇ ಹೋಗಿ ಕಟ್ಟಡ ನೋಡಿ, ಅಕ್ಕಪಕ್ಕದವರಲ್ಲಿ ಬಾಡಿಗೆ ಎಷ್ಟೆಂದು ವಿಚಾರಿಸಿ ಬಂದರೆ ಕಳೆದುಕೊಳ್ಳುವುದು ಏನೂ ಇಲ್ಲ. ಒಳ್ಳೆಯ ಫ್ಲ್ಯಾಟು ಇವತ್ತು ಕೈತಪ್ಪಿದರೆ ನಾಳೆ ಇನ್ನೊಂದು ಸಿಕ್ಕೀತು. ಕ್ಯಾಂಟೀನಿನ ಒಲೆಯ ಮುಂದೆ ಮೂವತ್ತು ವರ್ಷ ನಿಂತು ಕೂಡಿಸಿದ ಹಣ ಕೈತಪ್ಪಿದರೆ ಅದನ್ನು ಮತ್ತೆ ಕೂಡಿಸಲು ಇನ್ನೊಂದು ಮೂವತ್ತು ವರ್ಷ ಯಾರ ಬಳಿಯೂ ಇಲ್ಲ.