ನಿವೃತ್ತಿಯ ನಂತರ ಬಂದ ಕಾಯಿಲೆ ಯಾರ ಲೆಕ್ಕಕ್ಕೆ?

ರಾಣೆಬೆನ್ನೂರಿನಲ್ಲಿ ಪದವಿ ಮುಗಿಸಿದ ಹುಡುಗರ ಮುಂದೆ ದಾರಿಗಳು ಬಹಳ ಇಲ್ಲ. ಬೀಜದ ಕಂಪನಿಯಲ್ಲಿ ಕೆಲಸ, ಬೆಂಗಳೂರಿನ ಬಸ್ಸು, ಪೊಲೀಸ್ ಪರೀಕ್ಷೆ, ಇಲ್ಲವೇ ಸೇನೆ. ಸೇನೆಗೆ ತಯಾರಾಗುವ ಗೆಳೆಯರು ಎತ್ತರ, ಎದೆಯ ಸುತ್ತಳತೆ, 1,600 ಮೀಟರ್ ಓಟದ ಸಮಯ ಎಲ್ಲವನ್ನೂ ಬಾಯಿಪಾಠ ಮಾಡಿರುತ್ತಾರೆ. ಸೇವೆಯಲ್ಲಿ ಆರೋಗ್ಯ ಕೆಟ್ಟರೆ ಏನು ಗತಿ ಎಂದು ಕೇಳಿದರೆ ಮಾತ್ರ, ‘ಅದನ್ನೆಲ್ಲಾ ಸರ್ಕಾರ ನೋಡ್ಕೋತೈತಿ ಬಿಡೋ’ ಎನ್ನುತ್ತಾರೆ. ಸರ್ಕಾರ ಏನನ್ನು ನೋಡಿಕೊಳ್ಳುತ್ತದೆ, ಏನನ್ನು ಬಿಡುತ್ತದೆ ಎಂಬುದು ನನಗೆ ಗೊತ್ತಾದದ್ದು ನಮ್ಮ ಕಾಕಾನ ಫೈಲು ಹಿಡಿದು ಓಡಾಡತೊಡಗಿದ ಮೇಲೆ.

ಕಾಕಾ ಹದಿನೇಳು ವರ್ಷ ಸೇನೆಯಲ್ಲಿದ್ದರು. ಗುಡ್ಡ ಇಳಿಯುವಾಗ ಬಿದ್ದು ಬಲ ಮೊಣಕಾಲಿಗೆ ಪೆಟ್ಟಾಯಿತು. 2016ರಲ್ಲಿ ಬಿಡುಗಡೆಯಾಗುವಾಗ ವೈದ್ಯಕೀಯ ಮಂಡಳಿ ಆ ಮೊಣಕಾಲನ್ನು ಶೇ 20ರ ಅಂಗವೈಕಲ್ಯ ಎಂದು ಬರೆಯಿತು. ಅದಕ್ಕೆ ಪಿಂಚಣಿಯೂ ಬಂತು. ಬಲಗಾಲು ಉಳಿಸಿಕೊಳ್ಳಲು ಎಡಗಾಲಿನ ಮೇಲೆ ಭಾರ ಹಾಕಿ ನಡೆದು ಆ ಕಾಲೂ ಸೋತಿತು, ಸೊಂಟ ಹಿಡಿಯಿತು. ನೋವಿಗೆ ವರ್ಷಗಟ್ಟಲೆ ಗುಳಿಗೆ ನುಂಗಿದ್ದಾಯಿತು. ಐದನೇ ವರ್ಷ ರಕ್ತದೊತ್ತಡ ಏರಿದ್ದು, ಕಿಡ್ನಿ ದುರ್ಬಲವಾದದ್ದು ಪರೀಕ್ಷೆಯಲ್ಲಿ ಕಂಡಿತು. ನೋವಿನ ಗುಳಿಗೆ ಬಹುಕಾಲ ತೆಗೆದುಕೊಂಡರೆ ಕಿಡ್ನಿಗೆ ಹಾನಿ, ರಕ್ತದೊತ್ತಡಕ್ಕೂ ದಾರಿ ಎಂಬುದು ಯಾವ ವೈದ್ಯರಿಗೂ ಹೊಸ ಮಾತಲ್ಲ. ಆದರೆ ಅರ್ಜಿಗೆ ಬಂದ ಉತ್ತರ ಒಂದೇ ಸಾಲಿನದು: ಬಿಡುಗಡೆಯ ವೇಳೆ ಈ ಕಾಯಿಲೆ ದಾಖಲಾಗಿಲ್ಲ. ‘ಮೊಣಕಾಲು ಲೆಕ್ಕಕ್ಕ ಬಂತು, ಅದರ ಮಕ್ಕಳು ಮರಿ ಬರಲಿಲ್ಲ ನೋಡಪಾ’ ಎಂದು ಕಾಕಾ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ.

ನಮ್ಮ ದೇಶದಲ್ಲಿ ಸೈನಿಕನ ಅಂಗವೈಕಲ್ಯ ಪಿಂಚಣಿ ನಿಂತಿರುವುದು ಎರಡು ಪ್ರಶ್ನೆಗಳ ಮೇಲೆ. ಕಾಯಿಲೆ ಸೇವೆಯಿಂದ ಬಂದದ್ದೇ? ಅಲ್ಲವಾದರೆ, ಸೇವೆಯಿಂದ ಉಲ್ಬಣಿಸಿತೇ? ಎರಡಕ್ಕೂ ‘ಅಲ್ಲ’ ಎಂದು ಮಂಡಳಿ ಬರೆದರೆ ಬಾಗಿಲು ಮುಚ್ಚಿದಂತೆಯೇ. ಹೌದು ಎಂದಾದರೆ, ಹಿಂದಿನಿಂದ ಬಂದ ಲೆಕ್ಕದಲ್ಲಿ ಶೇ 100ರ ವೈಕಲ್ಯಕ್ಕೆ ಕೊನೆಯ ವೇತನದ ಶೇ 30ರಷ್ಟು, ಕಡಿಮೆ ವೈಕಲ್ಯಕ್ಕೆ ಅದೇ ಪ್ರಮಾಣದಲ್ಲಿ ಕಡಿಮೆ. 40 ಸಾವಿರ ವೇತನವಿದ್ದವರಿಗೆ ಶೇ 20 ಎಂದರೆ ತಿಂಗಳಿಗೆ 2,400 ರೂಪಾಯಿ. ಅದನ್ನು ಶೇ 50ಕ್ಕೆ ಏರಿಸಿ ಲೆಕ್ಕ ಹಾಕಿದರೆ 6,000. ಹೀಗೆ ಏರಿಸುವ ಸೌಲಭ್ಯ ಅವಧಿ ಪೂರೈಸಿ ಹೊರಬಂದವರಿಗೂ ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಹೇಳಿತು. ಔಷಧ ಅಂಗಡಿಯ ಬಿಲ್ಲು ಕಟ್ಟುವ ಮನೆಗೆ ಈ ವ್ಯತ್ಯಾಸ ಸಣ್ಣದಲ್ಲ.

ನಂತರ ಕಾಣಿಸಿಕೊಳ್ಳುವ ಕಾಯಿಲೆಯ ವಿಚಾರ ನಿಯಮದಲ್ಲಿ ಇಲ್ಲವೇ ಇಲ್ಲ ಎಂದಲ್ಲ. ಬಿಡುಗಡೆಯಾದ ಏಳು ವರ್ಷದೊಳಗೆ ಬಂದ ಕಾಯಿಲೆಯ ಬೇರು ಸೇವೆಯ ದಿನಗಳಲ್ಲೇ ಇತ್ತೆಂದು ವೈದ್ಯಕೀಯವಾಗಿ ಸಾಬೀತಾದರೆ ಅದನ್ನೂ ಪರಿಗಣಿಸಬಹುದು ಎಂದು 2008ರ ನಿಯಮಗಳು ಹೇಳುತ್ತವೆ. ತೊಡಕಿರುವುದು ‘ಸಾಬೀತಾದರೆ’ ಎಂಬ ಪದದಲ್ಲಿ. ಸಾಬೀತಿಗೆ ದಾಖಲೆ ಬೇಕು. ಸೇವೆಯಲ್ಲಿರುವ ಜವಾನ ನೋವನ್ನು ಹೇಳಿಕೊಂಡರೆ ಅವನ ವೈದ್ಯಕೀಯ ದರ್ಜೆ ಇಳಿಯುತ್ತದೆ, ಬಡ್ತಿಗೆ ಕುತ್ತು ಬರುತ್ತದೆ. ಹಾಗಾಗಿ ಅನೇಕರು ಹಲ್ಲು ಕಚ್ಚಿ ಸುಮ್ಮನಿರುತ್ತಾರೆ. ಹೇಳಿದರೆ ಬಡ್ತಿ ಇಲ್ಲ, ಹೇಳದಿದ್ದರೆ ಪಿಂಚಣಿ ಇಲ್ಲ. ಇಂಥ ಇಕ್ಕಟ್ಟಿನಲ್ಲಿ ಸಿಕ್ಕವನನ್ನೇ ಪುರಾವೆ ತಾ ಎಂದು ಕೇಳುವುದು ಯಾವ ನ್ಯಾಯ?

ಈ ಪ್ರಶ್ನೆಗೆ ನ್ಯಾಯಾಲಯ ಉತ್ತರ ಕೊಟ್ಟು ಹತ್ತು ವರ್ಷ ದಾಟಿದೆ. 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸರಳ. ಸೇರುವಾಗ ತಪಾಸಣೆ ಮಾಡಿ ಆರೋಗ್ಯವಂತ ಎಂದು ತೆಗೆದುಕೊಂಡಿದ್ದೀರಿ, ಯಾವ ಕಾಯಿಲೆಯನ್ನೂ ಬರೆದಿಲ್ಲ. ಹಾಗಿದ್ದರೆ ಆಮೇಲೆ ಬಂದದ್ದು ಸೇವೆಯಿಂದಲೇ ಬಂತೆಂದು ಭಾವಿಸಬೇಕು. ಅಲ್ಲ ಎನ್ನುವುದಾದರೆ ಕಾರಣ ಕೊಡುವ ಹೊಣೆ ಸೇನೆಯದು, ಸೈನಿಕನದಲ್ಲ. ಕಳ್ಳಿ ಗಿಡ ಹಚ್ಚಿ ಮಾವು ಬಿಡಲಿಲ್ಲವೆಂದು ಹೊಲದವನನ್ನು ಬೈಯುವಂತಿಲ್ಲ ಎಂಬಷ್ಟೇ ಸೀದಾ ಮಾತು. ಶಾಂತ ಪ್ರದೇಶದಲ್ಲಿದ್ದಾಗ ಬಂತೆಂಬ ಒಂದೇ ಕಾರಣಕ್ಕೆ ಮಧುಮೇಹವನ್ನು ತಳ್ಳಿಹಾಕುವಂತಿಲ್ಲ ಎಂದು ದೆಹಲಿ ಹೈಕೋರ್ಟ್ ಕೂಡ 2025ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟಿತು.

ಆದರೆ ತೀರ್ಪು ಫಲ ಕೊಡಬೇಕಾದರೆ ಒಬ್ಬೊಬ್ಬರೂ ಬೇರೆ ಬೇರೆಯಾಗಿ ಹೋರಾಡಬೇಕು. ಮೊದಲ ಮೇಲ್ಮನವಿ, ಎರಡನೇ ಮೇಲ್ಮನವಿ, ಆಮೇಲೆ ಕೊಚ್ಚಿಯಲ್ಲಿರುವ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕಾಲು ಎಳೆಯುವ ಮನುಷ್ಯ ರಾಣೆಬೆನ್ನೂರಿನಿಂದ ಎಷ್ಟು ಸಲ ರೈಲು ಹತ್ತಿಯಾನು? ಸಿಯಾಚಿನ್‌ನಲ್ಲಿ ಮೂರ್ಛೆರೋಗಕ್ಕೆ ಸಿಕ್ಕಿ 1989ರಲ್ಲಿ ಸೇನೆ ಬಿಡಬೇಕಾದ ಬಿಜೇಂದರ್ ಸಿಂಗ್ ಅವರಿಗೆ ಸುಪ್ರೀಂ ಕೋರ್ಟಿನ ನ್ಯಾಯ ಸಿಕ್ಕಿದ್ದು 2025ರ ಏಪ್ರಿಲ್‌ನಲ್ಲಿ. 36 ವರ್ಷ. ಅವರು ಸೇವೆಯಲ್ಲಿದ್ದದ್ದು ನಾಲ್ಕು ವರ್ಷವೂ ಅಲ್ಲ.

ಅದೇ ಸಿಯಾಚಿನ್‌ನ ಹಿಮದಡಿ ಆರು ದಿನ ಜೀವ ಹಿಡಿದಿದ್ದ ನಮ್ಮ ಪಕ್ಕದ ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರಿಗಾಗಿ 2016ರಲ್ಲಿ ನಾಡಿಗೆ ನಾಡೇ ಕಣ್ಣೀರಿಟ್ಟಿತು. ಅದು ಸಲ್ಲಬೇಕಾದ ಗೌರವ. ಆದರೆ ಬದುಕಿ ಬಂದು, ಸೋತ ದೇಹದೊಂದಿಗೆ ಕಚೇರಿಯ ಬೆಂಚಿನ ಮೇಲೆ ಕೂತವರಿಗೆ ನಾವು ಕೊಡುವುದೇನು?

ಸುಳ್ಳು ಹೇಳಿ ಲಾಭ ಪಡೆಯುವವರಿದ್ದಾರೆ ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಇಂಥ ಪಿಂಚಣಿ ಪಡೆಯುವವರ ಪ್ರಮಾಣ ಜವಾನರಿಗಿಂತ ಅಧಿಕಾರಿಗಳಲ್ಲೇ ಹೆಚ್ಚು ಎಂದು ಮಹಾಲೇಖಪಾಲರ ವರದಿಯೂ ಹೇಳಿದೆ. 2023ರ ಸೆಪ್ಟೆಂಬರ್‌ನಲ್ಲಿ ಹೊಸ ನಿಯಮಗಳು ಬಂದವು, ನಿವೃತ್ತ ಸೈನಿಕರ ಸಂಘಟನೆಗಳು ವಿರೋಧಿಸಿದವು. ಸುಳ್ಳನ್ನು ಹಿಡಿಯಲು ತಪಾಸಣೆ ಬಿಗಿ ಮಾಡಲಿ. ಯಾರೋ ಮಾಡಿದ ಮೋಸಕ್ಕೆ ಜವಾನನ ಮಾತ್ರೆಯ ದುಡ್ಡು ನಿಲ್ಲಬಾರದು. ಅಮೆರಿಕದಲ್ಲಿ ಸೇವೆಯಿಂದ ಬಂದ ಗಾಯ ಇನ್ನೊಂದು ಕಾಯಿಲೆಗೆ ಕಾರಣವಾದರೆ ಆ ಎರಡನೆಯದನ್ನೂ ಸೇವೆಯ ಲೆಕ್ಕಕ್ಕೇ ಸೇರಿಸುವ ಸ್ಪಷ್ಟ ನಿಯಮವಿದೆ. ಅಲ್ಲೂ ವೈದ್ಯರ ಅಭಿಪ್ರಾಯ ಬೇಕು. ಆದರೆ ದಾರಿ ಇದೆ ಎಂದು ಎಲ್ಲರಿಗೂ ಗೊತ್ತಿದೆ.

ಅಗ್ನಿವೀರರಾಗಲು ಹೊರಟ ಗೆಳೆಯರಿಗೆ ಈ ಮಾತು ಇನ್ನೂ ಹತ್ತಿರದ್ದು. ಕರ್ತವ್ಯದಲ್ಲಿ ಅಂಗವೈಕಲ್ಯವಾದರೆ ಪ್ರಮಾಣಕ್ಕೆ ತಕ್ಕಂತೆ 44, 25 ಅಥವಾ 15 ಲಕ್ಷ ರೂಪಾಯಿ ಒಂದೇ ಬಾರಿಗೆ ಸಿಗುತ್ತದೆ. ನಾಲ್ಕು ವರ್ಷಕ್ಕೆ ಹೊರಬರುವವರಿಗೆ ಪಿಂಚಣಿ ಇಲ್ಲ, ಮಾಜಿ ಸೈನಿಕರ ಆರೋಗ್ಯ ಯೋಜನೆಯೂ ಇಲ್ಲ. 2023ರ ಆರಂಭದಲ್ಲಿ ತರಬೇತಿಗೆ ಸೇರಿದ ಸೇನೆಯ ಮೊದಲ ತಂಡದ ಅವಧಿ 2027ರ ಆರಂಭಕ್ಕೆ ಮುಗಿಯುತ್ತದೆ. ಇಪ್ಪತ್ತೈದರ ಆಸುಪಾಸಿನಲ್ಲಿ ಊರಿಗೆ ಬಂದವನ ಮೊಣಕಾಲು ಮೂವತ್ತಕ್ಕೆ ಕೈಕೊಟ್ಟರೆ ಅವನು ಯಾರ ಬಾಗಿಲು ತಟ್ಟಬೇಕು?

ನನ್ನ ಬೇಡಿಕೆ ಇಷ್ಟೇ. ಒಪ್ಪಿಕೊಂಡ ಗಾಯದಿಂದ ಹುಟ್ಟಿದ ಕಾಯಿಲೆಯನ್ನೂ ಸೇವೆಯದ್ದೇ ಎಂದು ನಿಯಮದಲ್ಲೇ ಬರೆಯಲಿ. ಬಿಡುಗಡೆಯಾದ ಮೂರು ಮತ್ತು ಆರನೇ ವರ್ಷ, ಅಗ್ನಿವೀರರೂ ಸೇರಿದಂತೆ ಎಲ್ಲರಿಗೂ ಜಿಲ್ಲಾ ಕೇಂದ್ರದಲ್ಲೇ ಉಚಿತ ತಪಾಸಣೆ ನಡೆಯಲಿ. ಅರ್ಜಿ ತಿರಸ್ಕರಿಸುವುದಾದರೆ ವೈದ್ಯರು ಕಾರಣವನ್ನು ಬರೆದು ಕೊಡಲಿ.

ಅಲ್ಲಿಯವರೆಗೆ ನಾವು ಮಾಡಬಹುದಾದ ಕೆಲಸವೂ ಇದೆ. ಸೇನೆಗೆ ಹೊರಟವರು ಸಣ್ಣ ಪೆಟ್ಟನ್ನೂ ಬರೆಸಿ, ಪ್ರತಿ ಕಾಗದದ ನಕಲು ಮನೆಯಲ್ಲಿಡಿ. ಊರಲ್ಲಿರುವವರು, ‘ಸ್ಪರ್ಶ್’ ಪಿಂಚಣಿ ಜಾಲತಾಣದ ಪಾಸ್‌ವರ್ಡ್ ಮರೆತು ಸೈಬರ್ ಸೆಂಟರ್ ಮುಂದೆ ನಿಂತ ಹಿರಿಯರಿಗೆ ಅರ್ಧ ಗಂಟೆ ಕೊಡಿ. ಅವರ ಚೀಟಿಗಳನ್ನು ದಿನಾಂಕದ ಪ್ರಕಾರ ಜೋಡಿಸಿ, ಆ ತೀರ್ಪುಗಳ ಹೆಸರು ಬರೆದು ಮೇಲ್ಮನವಿ ತಯಾರಿಸಲು ಕಾನೂನು ಪದವಿ ಬೇಕಿಲ್ಲ. ಓದು ಬರಹ ಬಂದರೆ ಸಾಕು. ಕಾಕಾನ ಎರಡನೇ ಮೇಲ್ಮನವಿಯನ್ನು ನಾನು ಬರೆಯುತ್ತಿದ್ದೇನೆ.