ಊಟಕ್ಕೆ ನಿಯಮ, ಹಾಸಿಗೆಗೆ ಏಕಿಲ್ಲ?

ಕಳೆದ ವೈಶಾಖದಲ್ಲಿ ಅಮೆರಿಕೆಯಲ್ಲಿ ನೆಲೆಸಿರುವ ನನ್ನ ಸೋದರಳಿಯ ದೂರವಾಣಿಯಲ್ಲಿ ಮಾತನಾಡಿದ. ಅವನ ವಿವಾಹಕ್ಕೆ 25 ವರ್ಷ ತುಂಬುವುದರಲ್ಲಿತ್ತು. ಆಗಸ್ಟ್ ತಿಂಗಳಿನಲ್ಲಿ ದಂಪತಿಗಳಿಬ್ಬರೂ ಕೆರಿಬಿಯನ್ ಸಮುದ್ರ ಪ್ರದೇಶದ ಬಾರ್ಬಡೋಸ್ ದ್ವೀಪದಲ್ಲಿ ಒಂದು ವಾರ ಕಳೆಯುವುದೆಂದು ನಿಶ್ಚಯವಾಗಿತ್ತು. ಮೂರು ವೈಭವದ ಹೋಟೆಲುಗಳನ್ನು ಅವರು ಆರಿಸಿಟ್ಟುಕೊಂಡಿದ್ದರು. "ಮಾವ, ಮೂರರಲ್ಲಿ ಒಂದು ಕಡೆಯವರು ಮಾತ್ರ ನೀರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗೆಣಸು ಇಲ್ಲದ ಊಟವನ್ನು ಸೂರ್ಯಾಸ್ತಕ್ಕೆ ಮುಂಚೆ ಬಡಿಸಲು ಒಪ್ಪಿದ್ದಾರೆ. ಅದನ್ನೇ ಗೊತ್ತುಮಾಡೋಣ ಅಂತಿದ್ದೇವೆ. ನಿಯಮಕ್ಕೇನೂ ಭಂಗ ಬರೋದಿಲ್ಲ ತಾನೆ?" ಎಂದು ಕೇಳಿದ. ಕೋಣೆಗೊಂದು ಪ್ರತ್ಯೇಕ ಈಜುಕೊಳವಿದೆಯೆಂದೂ, ಕಡಲ ಮರಳಿನ ಮೇಲೆ ರಾತ್ರಿಯಿಡೀ ದೀಪಗಳು ಉರಿಯುತ್ತವೆಯೆಂದೂ ವರ್ಣಿಸಿದ. ನಾನು "ಬಹಳ ಸಂತೋಷಪ್ಪಾ" ಎಂದುಬಿಟ್ಟೆ. ಆ ಒಂದು ಮಾತಿನ ಪ್ರಾಯಶ್ಚಿತ್ತವಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಶ್ರಾವಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ. ಪ್ರವಾಸಕ್ಕೆ ಹೊರಟಾಗ ನಾವು ಊಟದ ವಿಷಯದಲ್ಲಿ ಹತ್ತು ಪ್ರಶ್ನೆ ಕೇಳುತ್ತೇವೆ, ತಂಗುವ ಮನೆಯ ವಿಷಯದಲ್ಲಿ ಒಂದನ್ನೂ ಕೇಳುವುದಿಲ್ಲ. ತಟ್ಟೆ ಶುದ್ಧವಾಗಿದ್ದರೆ ಉಳಿದುದೆಲ್ಲ ಶುದ್ಧವೆಂದು ಭಾವಿಸುತ್ತೇವೆ. ಇದು ನಮ್ಮ ಆಚಾರ್ಯರು ಕಲಿಸಿದ ಪಾಠವಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣ ವ್ರತದ ಭಾಗವನ್ನು ತೆರೆದು ನೋಡಿ. ಒಮ್ಮೆ ಅನುಭವಿಸಿ ಬಿಡುವಂಥದು ಭೋಗ, ಮತ್ತೆ ಮತ್ತೆ ಅನುಭವಿಸುವಂಥದು ಉಪಭೋಗ. ಕಾಲಮಿತಿಯಿಟ್ಟು ನಿಯಮ ಮಾಡಿಕೊಳ್ಳಬೇಕಾದ ವಸ್ತುಗಳನ್ನು ಹೆಸರಿಸುವಾಗ ಆಚಾರ್ಯರು ಭೋಜನದ ಮಗ್ಗುಲಲ್ಲೇ ವಾಹನ, ಶಯನ, ಸ್ನಾನಗಳನ್ನು ಇರಿಸಿದ್ದಾರೆ. ನಾವು ಆ ಪಟ್ಟಿಯ ಮೊದಲನೆಯ ಪದವನ್ನು ಮಾತ್ರ ಓದಿ ಗ್ರಂಥವನ್ನು ಮುಚ್ಚಿಬಿಟ್ಟಿದ್ದೇವೆ.

ಈಗ ಬಾರ್ಬಡೋಸಿನ ಆ ಹಾಸಿಗೆಯ ವಿಚಾರಕ್ಕೆ ಬರೋಣ. ಸುಮಾರು 430 ಚದರ ಕಿಲೋಮೀಟರಿನ ಪುಟ್ಟ ದ್ವೀಪವದು. ಹವಳದ ಸುಣ್ಣಕಲ್ಲಿನಿಂದಲೇ ಅದರ ಬಹುಭಾಗ ಆಗಿದೆ. ಮಳೆಯ ನೀರು ಆ ಕಲ್ಲಿನ ರಂಧ್ರಗಳಲ್ಲಿ ಇಳಿದು ಅಂತರ್ಜಲವಾಗಿ ನಿಲ್ಲುತ್ತದೆ. ಜನರ ಕುಡಿಯುವ ನೀರಿಗೆ ಅದೇ ಮುಖ್ಯ ಆಧಾರ. ತಲಾ ನೀರಿನ ಲೆಕ್ಕದಲ್ಲಿ ಜಗತ್ತಿನ ಅತ್ಯಂತ ಅಭಾವಗ್ರಸ್ತ ದೇಶಗಳ ಸಾಲಿನಲ್ಲಿ ಅದನ್ನು ಎಣಿಸುತ್ತಾರೆ. ಸಮುದ್ರದ ನೀರನ್ನು ಸಿಹಿಯಾಗಿಸುವ ಸ್ಥಾವರವನ್ನೂ ಅಲ್ಲಿ ನಡೆಸಬೇಕಾಗಿದೆ. ಆ ಸ್ಥಾವರಕ್ಕೆ ವಿದ್ಯುತ್ತು ಬೇಕು, ವಿದ್ಯುತ್ತಿನ ಬಹುಪಾಲು ಆಮದು ಮಾಡಿದ ತೈಲದಿಂದ ಬರುತ್ತದೆ. ಹೀಗಿರುವಲ್ಲಿ, ಹತ್ತು ಹೆಜ್ಜೆ ದೂರದಲ್ಲಿ ಕಡಲೇ ಇರುವಾಗ, ಒಂದು ಕೋಣೆಗೆ ಒಂದು ಈಜುಕೊಳ ಏಕೆ? ನೆಲ, ನೀರು, ಬೆಂಕಿ, ಗಾಳಿಗಳನ್ನು ನಿಷ್ಪ್ರಯೋಜಕವಾಗಿ ವ್ಯಯಮಾಡುವುದನ್ನು, ವೃಥಾ ಅಲೆಯುವುದನ್ನು, ಇತರರನ್ನು ಅಲೆಸುವುದನ್ನು ನಮ್ಮ ಶಾಸ್ತ್ರ ಪ್ರಮಾದಚರ್ಯೆ ಎಂದು ಕರೆದು ಅನರ್ಥದಂಡದಲ್ಲಿ ಸೇರಿಸಿದೆ. ಮನೆಯಲ್ಲಿ ನೀರನ್ನು ಸೋಸಿ ಕುಡಿಯುವ ನಾವು ಪರದೇಶದಲ್ಲಿ ಬಾಯಾರಿದವರ ನೀರಿನಲ್ಲಿ ತೇಲುವುದನ್ನು ಏನೆಂದು ಕರೆಯಬೇಕು?

ಮರಳಿನ ಮೇಲಿನ ದೀಪಗಳ ವಿಚಾರ ಇನ್ನೂ ಗಂಭೀರವಾದದ್ದು. ಹದ್ದಿನಂಥ ಕೊಕ್ಕುಳ್ಳ ಹಾಕ್ಸ್‌ಬಿಲ್ ಕಡಲಾಮೆಗಳು ವಿನಾಶದ ಅಂಚಿನಲ್ಲಿರುವ ಜೀವಿಗಳು. ಬಾರ್ಬಡೋಸಿನ ತೀರ ಅವುಗಳ ಮುಖ್ಯವಾದ ಮೊಟ್ಟೆಯಿಡುವ ನೆಲೆಗಳಲ್ಲೊಂದು. ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ಅವು ರಾತ್ರಿಯಲ್ಲಿ ದಡಕ್ಕೆ ಬಂದು ಮರಳು ತೋಡಿ ಮೊಟ್ಟೆಯಿಡುತ್ತವೆ. ಸುಮಾರು ಎರಡು ತಿಂಗಳಿಗೆ ಮರಿಗಳು ಹೊರಬಂದು, ದಿಗಂತದಲ್ಲಿ ಎಲ್ಲಿ ಹೆಚ್ಚು ಬೆಳಕು ಕಾಣುತ್ತದೋ ಆ ಕಡೆಗೆ ತೆವಳುತ್ತವೆ. ಕತ್ತಲೆಯ ತೀರದಲ್ಲಿ ಆ ಬೆಳಕು ಸಮುದ್ರದ್ದು. ಹೋಟೆಲಿನ ದೀಪಗಳು ಉರಿಯುತ್ತಿದ್ದರೆ ಮರಿಗಳು ಕಡಲಿಗೆ ಬೆನ್ನುಮಾಡಿ ತೋಟದೊಳಕ್ಕೆ, ರಸ್ತೆಗೆ ಹೋಗುತ್ತವೆ. ಬೆಳಗಾಗುವುದರೊಳಗೆ ವಾಹನದ ಚಕ್ರಕ್ಕೋ ಏಡಿಗಳಿಗೋ ಬಿಸಿಲಿಗೋ ಬಲಿಯಾಗುತ್ತವೆ. 1987ರಿಂದ ಅಲ್ಲಿ ಕೆಲಸ ಮಾಡುತ್ತಿರುವ ಬಾರ್ಬಡೋಸ್ ಕಡಲಾಮೆ ಯೋಜನೆಯವರು ದಾರಿತಪ್ಪಿದ ಮರಿಗಳನ್ನು ಹುಡುಕಿ ಕಡಲಿಗೆ ಬಿಡುವ ಸೇವೆಯಲ್ಲಿ ನಿರತರಾಗಿದ್ದಾರೆ. ಅವರಲ್ಲಿ ಎಷ್ಟು ಮಂದಿ ಅಹಿಂಸಾಣುವ್ರತದ ಹೆಸರನ್ನು ಕೇಳಿದ್ದಾರು!

ತಿಂಗಳುಗಳನ್ನು ಗಮನಿಸಿ. ಅದು ನಮ್ಮ ಚಾತುರ್ಮಾಸದ ಕಾಲ. ಕಾಲಡಿಯಲ್ಲಿ ಸಣ್ಣ ಜೀವಗಳು ನೋಯಬಾರದೆಂದು ಮುನಿಗಳು ವಿಹಾರವನ್ನೇ ನಿಲ್ಲಿಸಿ ಒಂದೆಡೆ ನಿಲ್ಲುವ ತಿಂಗಳುಗಳಲ್ಲೇ, ದರ ಅಗ್ಗವೆಂಬ ಕಾರಣಕ್ಕೆ ಶ್ರಾವಕ ದಂಪತಿಗಳು ಆ ದಡದ ದೀಪದ ಕೆಳಗೆ ಸೂರ್ಯಾಸ್ತಕ್ಕೆ ಮುಂಚೆ ಉಂಡು ಮಲಗುತ್ತಾರೆ. ರಾತ್ರಿಭೋಜನ ತ್ಯಾಗದ ಮೂಲ ಉದ್ದೇಶ ಜೀವರಕ್ಷೆ. ತಾವು ಬಾಡಿಗೆ ತೆತ್ತ ದೀಪ ರಾತ್ರಿಯಿಡೀ ಜೀವಗಳನ್ನು ದಾರಿ ತಪ್ಪಿಸುತ್ತಿದ್ದರೆ ಆ ತ್ಯಾಗದಲ್ಲಿ ಉಳಿಯುವುದು ಗಡಿಯಾರ ಮಾತ್ರ.

ಮೂರನೆಯದು ಮನುಷ್ಯರ ವಿಚಾರ. ಆ ದ್ವೀಪದಲ್ಲಿ 1640ರ ದಶಕದಿಂದ ಕಬ್ಬಿನ ತೋಟಗಳೆದ್ದವು. ಆಫ್ರಿಕದಿಂದ ಸೆರೆಹಿಡಿದು ತಂದ ಜನರ ದುಡಿಮೆಯಿಂದ ಅವು ಬೆಳೆದವು. ನ್ಯೂಟನ್ ಎಂಬ ಒಂದೇ ತೋಟದ ಸ್ಮಶಾನದಲ್ಲಿ ಹೆಸರಿನ ಕಲ್ಲೂ ಇಲ್ಲದೆ ಸುಮಾರು 570 ಮಂದಿ ಮಣ್ಣಾಗಿದ್ದಾರೆ. 1834ರಲ್ಲಿ ದಾಸ್ಯ ರದ್ದಾದಾಗ ಬ್ರಿಟಿಷ್ ಸರ್ಕಾರ ತನ್ನ ಸಾಮ್ರಾಜ್ಯದ ದಾಸರ ಒಡೆಯರಿಗೆ 2 ಕೋಟಿ ಪೌಂಡು ಪರಿಹಾರ ಗೊತ್ತುಮಾಡಿತು. ದುಡಿದವರಿಗೆ ಕಾಸೂ ದೊರೆಯಲಿಲ್ಲ, 1838ರವರೆಗೆ ಬಿಡುಗಡೆಯೂ ಪೂರ್ಣವಾಗಲಿಲ್ಲ. ಇಂದು ಕೆರಿಬಿಯನ್ ದ್ವೀಪಗಳ ಎಷ್ಟೋ ಐಷಾರಾಮದ ವಸತಿಗಳು ಹಳೆಯ ತೋಟದ ಹೆಸರನ್ನೇ ಆಕರ್ಷಣೆಯಾಗಿ ಮಾರುತ್ತಿವೆ. ಬಾರ್ಬಡೋಸಿನ ಕಡಲತಡಿಯೆಲ್ಲ ಸಾರ್ವಜನಿಕರದೇ. ಆದರೆ ಪಶ್ಚಿಮ ತೀರದಲ್ಲಿ ಹೋಟೆಲು, ಬಂಗಲೆಗಳ ಗೋಡೆಗಳು ಒತ್ತೊತ್ತಾಗಿ ಎದ್ದಿರುವುದರಿಂದ ಸ್ಥಳೀಯರು ತಮ್ಮದೇ ಕಡಲನ್ನು ಸೇರಲು ನಡುವಣ ಕಿರುದಾರಿಗಳನ್ನು ಹುಡುಕಬೇಕಾಗುತ್ತದೆ. 2020ರಲ್ಲಿ ಕೋವಿಡ್ ವ್ಯಾಧಿಯಿಂದ ಹೋಟೆಲುಗಳು ಮುಚ್ಚಿದಾಗ ಕೆಲಸ ಕಳೆದುಕೊಂಡವರು ತಮಗೆ ಸಲ್ಲಬೇಕಾದ ಪರಿಹಾರಧನಕ್ಕಾಗಿ ಬೀದಿಗಿಳಿಯಬೇಕಾಯಿತು. ಕದ್ದ ಮಾಲನ್ನು ಸ್ವೀಕರಿಸುವುದೂ ಅಚೌರ್ಯಾಣುವ್ರತಕ್ಕೆ ಅತಿಚಾರವೆಂದು ಓದಿದವರು ನಾವು. ಪ್ರತಿಯೊಂದು ಹೋಟೆಲೂ ಕದ್ದ ಮಾಲೆಂದು ನಾನು ಹೇಳುತ್ತಿಲ್ಲ. ಮಲಗುವವನು ಮಲಗುವ ಮುನ್ನ ವಿಚಾರಿಸಲಿ ಎನ್ನುತ್ತಿದ್ದೇನೆ.

ಎದುರುವಾದಗಳು ನನಗೆ ಗೊತ್ತು. "ನ್ಯಾಯವಾಗಿ ದುಡಿದ ಹಣ, ಜೀವನದಲ್ಲಿ ಒಮ್ಮೆ ಬರುವ ದಿನ" ಎನ್ನುತ್ತಾರೆ. ನ್ಯಾಯವಾದ ಗಳಿಕೆ ಶ್ರಾವಕನಿಗೆ ಭೂಷಣವೇ. ಆದರೆ ಪರಿಮಾಣ ವ್ರತವನ್ನು ಹೇಳಿದ್ದು ಹಣವುಳ್ಳವನಿಗೇ ಹೊರತು ಇಲ್ಲದವನಿಗಲ್ಲ. "ನಾವು ಹೋಗದಿದ್ದರೆ ಅಲ್ಲಿಯ ಬಡವರ ಗತಿಯೇನು?" ಎನ್ನುತ್ತಾರೆ. ಈ ಮಾತಿನಲ್ಲಿ ಸತ್ಯಾಂಶವಿದೆ, ಪ್ರವಾಸೋದ್ಯಮ ಆ ದ್ವೀಪದ ಜೀವನಾಡಿ. ಆದುದರಿಂದಲೇ ನಾನು ಹೋಗಬೇಡಿ ಎನ್ನುವುದಿಲ್ಲ, ಎಲ್ಲಿ ತಂಗುತ್ತೀರಿ ಎನ್ನುತ್ತೇನೆ. ಸ್ಥಳೀಯರೇ ಒಡೆಯರಾಗಿರುವ ಚಿಕ್ಕ ಅತಿಥಿಗೃಹದಲ್ಲಿ ಉಳಿದರೆ ನಿಮ್ಮ ಹಣದ ಹೆಚ್ಚು ಪಾಲು ಅಲ್ಲಿಯೇ ನಿಲ್ಲುತ್ತದೆ.

"ದೊಡ್ಡ ಹೋಟೆಲಿನಲ್ಲಲ್ಲದೆ ನಮ್ಮ ಆಹಾರ ಎಲ್ಲಿ ಸಿಗುತ್ತದೆ?" ಎಂಬುದು ಮೂರನೆಯ ವಾದ. ಅಡುಗೆಮನೆಯುಳ್ಳ ಸಣ್ಣ ಬಾಡಿಗೆಮನೆಯಲ್ಲಿ ಸಿಗುತ್ತದೆ! ರಾಜಧಾನಿ ಬ್ರಿಡ್ಜ್‌ಟೌನಿನ ಚೀಪ್‌ಸೈಡ್ ಮಾರುಕಟ್ಟೆಗೆ ಹೋಗಿ ತರಕಾರಿ ಕೊಂಡುಕೊಳ್ಳಬಹುದು. ಬೆಂಡೆ, ಕುಂಬಳ ಅಲ್ಲಿಯವರ ನಿತ್ಯದ ಊಟದಲ್ಲಿವೆ. ನಮ್ಮ ಕರಾವಳಿಯವರು ಜೀಗುಜ್ಜೆ ಎನ್ನುವ ದೀವಿಹಲಸೂ ಇದೆ. ಅದು 1793ರಲ್ಲಿ ದಾಸರ ಅಗ್ಗದ ಆಹಾರಕ್ಕೆಂದು ಹಡಗಿನಲ್ಲಿ ಆ ದ್ವೀಪಸಮೂಹಕ್ಕೆ ಬಂದ ಗಿಡ. ಇಪ್ಪತ್ತೈದು ವರ್ಷ ಜೊತೆಯಾಗಿ ಬಾಳಿದ ದಂಪತಿಗಳು ಒಂದು ವಾರ ಜೊತೆಯಾಗಿ ಜೀಗುಜ್ಜೆ ಹೆಚ್ಚಿ ಪಲ್ಯ ಮಾಡಿದರೆ ಸಂಭ್ರಮಕ್ಕೆ ಯಾವ ಕೊರತೆಯೂ ಆಗದು.

ನಾನು ಸೋದರಳಿಯನಿಗೆ ಮತ್ತೆ ಪತ್ರ ಬರೆದು ಹೋಟೆಲಿನವರನ್ನು ಮೂರು ಮಾತು ಕೇಳಲು ಹೇಳಿದೆ. ತೀರದ ದೀಪಗಳನ್ನು ಆರಿಸುತ್ತೀರಾ, ಅಥವಾ ಕೆಂಪು ಬಣ್ಣದ, ಮರೆಮಾಡಿದ, ನೆಲಮಟ್ಟದ ದೀಪ ಇಟ್ಟಿದ್ದೀರಾ? ಈಜುಕೊಳಕ್ಕೆ ನೀರು ಎಲ್ಲಿಂದ ಬರುತ್ತದೆ? ಪ್ರವಾಸಿಗರು ಕಡಿಮೆಯಾದ ತಿಂಗಳುಗಳಲ್ಲಿ ಕೆಲಸದವರಿಗೆ ಸಂಬಳ ಉಂಟೋ? ಅವನು ಕೇಳಿದ. ಊಟದ ಪ್ರಶ್ನೆಗೆ ಅಂದೇ ಎರಡು ಪುಟದ ಉತ್ತರ ಕಳಿಸಿದ್ದವರು ಈ ಮೂರಕ್ಕೆ ಒಂದು ತಿಂಗಳಾದರೂ ಉತ್ತರಿಸಲಿಲ್ಲ. "ಮಾವ, ಆ ಕೋಣೆ ಬಿಟ್ಟೆವು, ಇವಳಿಗೆ ಸ್ವಲ್ಪ ಬೇಸರವಾಗಿದೆ" ಎಂದು ಅವನು ತಿಳಿಸಿದ. ಆ ಬೇಸರ ನಿಜವಾದದ್ದು; ಪರಿಮಾಣವೆಂದರೆ ಏನನ್ನಾದರೂ ಬಿಡುವುದೇ ತಾನೆ.

ಕೊನೆಯದಾಗಿ ಬಸದಿಗಳ ಟ್ರಸ್ಟಿನ ಹಿರಿಯರಲ್ಲಿ ಒಂದು ಪ್ರಾರ್ಥನೆ. ವಿವಾಹದ ವಾರ್ಷಿಕ ದಿನದಂದು ದಂಪತಿಗಳು ಅಭಿಷೇಕ ಮಾಡಿಸಲು ಬರುತ್ತಾರೆ, ಕಾಣಿಕೆ ಸಲ್ಲಿಸುತ್ತಾರೆ, ತರಕಾರಿಯ ಹೆಸರು ಹೇಳಿ ಒಂದು ನಿಯಮವನ್ನೂ ಸ್ವೀಕರಿಸುತ್ತಾರೆ. ಆ ಸಮಯದಲ್ಲಿ ಅವರ ಮುಂದೆ ಆಚಾರ್ಯರ ಪೂರ್ಣ ಪಟ್ಟಿಯನ್ನಿಡಿ. ಭೋಜನದ ಜೊತೆಗೆ ವಾಹನ, ಶಯನ, ಸ್ನಾನಗಳನ್ನೂ ಓದಿಹೇಳಿ. ಒಂದು ದಿನವೋ ಒಂದು ಪಕ್ಷವೋ ಒಂದು ಪ್ರವಾಸವೋ, ಅವರ ಶಕ್ತಿಯಿದ್ದಷ್ಟು ಕಾಲಕ್ಕೆ ನಿಯಮ ಕೊಡಿ. ಮುಂದಿನ ಸಲ ಯಾರಾದರೂ ದೂರವಾಣಿಯಲ್ಲಿ "ನಿಯಮಕ್ಕೆ ಭಂಗ ಬರೋದಿಲ್ಲ ತಾನೆ?" ಎಂದು ಕೇಳಿದರೆ, ನನ್ನಂತೆ "ಸಂತೋಷ" ಎಂದು ಆತುರಪಡದೆ "ಎಲ್ಲಿ ಮಲಗುತ್ತೀರಿ?" ಎಂದು ಕೇಳಿ.